ನಲವತ್ತೊಂದು ಕುರ್ಚಿ

ಕುರ್ಚಿ ಹಾಕೋ ಕೆಲಸ ನಂದು. ಪಣಜಿಯಾಗ,
ಮಾಂಡವಿ ದಂಡಿಗಿರೋ ದೊಡ್ಡ ಸಭಾಗೃಹದಾಗ.
ಹನ್ನೊಂದು ವರ್ಷಾತು.
ಮದುವಿ, ಡಾಕ್ಟರರ ಕೂಟ, ಗೋಡಂಬಿ ವ್ಯಾಪಾರಸ್ಥರ ಜಗಳ,
ಎಲ್ಲಾದಕ್ಕೂ ಅವ ಕುರ್ಚಿ. ಹೊದಿಸೋ ಬಟ್ಟಿ ಅಷ್ಟ ಬ್ಯಾರೆ.

ಈ ಸಲ ದೇಶಗಳು ಬರ್ತಾವ ಅಂದ ಕಾಯೆತಾನ್.
ಸಮುದ್ರದ ಮೀನ ಯಾರು ಎಷ್ಟು ಹಿಡೀಬೇಕು
ಅಂತ ಮಾತಾಡೋ ಸಂಘವಂತ.
ಅರವತ್ತೊಂದು ದೇಶ, ಅರವತ್ತೊಂದು ಕುರ್ಚಿ,
ಮುಂದ ಒಂದೊಂದು ಹೆಸರಿನ ಹಲಗಿ,
ಇಂಗ್ಲಿಷ್ ಅಕ್ಷರದ ಸಾಲಿನಂಗ.
ತಪ್ಪಿದ್ರ ಯುದ್ಧಾದೀತು ಅಂತ ನಕ್ಕ.
ನಾ ನಗಲಿಲ್ಲ.
ಊಟದ ಪಂಕ್ತಿಯೊಳಗ ಕುಂದ್ರೋ ಜಾಗಕ್ಕ
ತಲಿ ಒಡದದ್ದು ನಾ ಕಂಡೀನಿ.

ಹಿಂದ, ಗ್ವಾಡಿಗೆ ಹತ್ತಿ, ಇನ್ನೊಂದು ಸಾಲು.
ಅಲ್ಲಿ ಕೂತವರು ಕೇಳಬಹುದು, ಕೈ ಎತ್ತಾಂಗಿಲ್ಲ.
ಅಲ್ಲೊಬ್ಬಾಕಿ ಹೆಣ್ಮಗಳು, ದ್ವೀಪದಾಕಿ.
ನಿಮ್ಮ ದೇಶ ಎಷ್ಟು ದೊಡ್ಡದವ್ವಾ ಅಂತ
ಕಾಯೆತಾನ್ ಕಡಿಂದ ಕೇಳಿಸಿದೆ.
ಮುಂಜಾನೆ ಸೈಕಲ್ ಹತ್ತಿದ್ರ
ಚಾದ ಹೊತ್ತಿಗೆ ಸುತ್ತಿ ಬರ್ತೀವಿ ಅಂದ್ಲು.
ಅರ್ಜಿ ಕೊಟ್ಟು ನಾಕು ವರ್ಷಾತಂತ.

ಮೊದಲು ಕಾಗದ: ನಿಮ್ಮ ಕಾಯ್ದೆ ನಮಗ ಒಪ್ಪಿಗಿ ಅಂತ.
ಆಮ್ಯಾಲೆ ಐದು ಮಂದಿ ದೊಡ್ಡವರ ಮುಂದ.
ಅವರೊಳಗ ಒಬ್ಬ ಒಲ್ಲೆ ಅಂದ್ರ ಮುಗೀತು,
ಯಾಕಂತ ಕೇಳಾಂಗಿಲ್ಲ.
ಅವರು ಹೂಂ ಅಂದ್ರ ಎಲ್ಲಾರ ಮುಂದ,
ಮೂರು ಪಾಲಿನೊಳಗ ಎರಡು ಪಾಲು ಕೈ.

ಅಯ್ಯ, ಇದು ನಮ್ಮೂರ ದೈವ!
ತಾಳಿಕೋಟಿ ಕಡೆ ನಮ್ಮ ಕಾಕಾನ್ನ ಕೂಡಿಸಿಕೊಂಡದ್ದು ಹಿಂಗ:
ಅಗಸಿ ಮುಂದ ಕಂಬಳಿ ಹಾಸಿ,
ಐದೆಲಿ ಎರಡಡಕಿ ಇಟ್ಟು, ಕೈ ಕಟ್ಟಿ ನಿಂತ.
ನಾಕು ಮಂದಿ ಹಿರೇರು ಎಲಿ ಎತ್ತಿದ್ರು.
ಗದಿಗೆಪ್ಪ ಮಾತ್ರ ಮೂರು ವರ್ಷ ಮುಟ್ಟಲಿಲ್ಲ.
ಎಂದೋ ಆತನ ಎಮ್ಮಿನ ನಮ್ಮ ಕಾಕಾ
ಹಿತ್ತಲದಾಗ ಕಟ್ಟಿ ಹಾಕಿದ್ದನಂತ.

ದ್ವೀಪದಾಕಿಗೂ ಇತ್ತು ಒಂದು ಎಮ್ಮಿ:
ದೊಡ್ಡ ದೇಶದ ಮೀನಿನ ಹಡಗು.
ಅದನ್ನ ಹಿಡಿದು ನಿಲ್ಲಿಸಿದ್ರಂತ ಒಮ್ಮೆ.

ಮೂರನೇ ದಿನ, ಊಟಕ್ಕ ಎದ್ದಾಗ, ಕಾಯೆತಾನ್ ಓಡಿ ಬಂದ.
ಆತು! ದೊಡ್ಡದು ಹೂಂ ಅನ್ನಲಿಲ್ಲ, ಒಲ್ಲೆನೂ ಅನ್ನಲಿಲ್ಲ,
ಕೆಮ್ಮಿ ಸುಮ್ನ ಕೂತಿತಂತ.
ಮುಕ್ಕಾಲು ತಾಸಿನಾಗ ಕುರ್ಚಿ ಹಾಕು.
ಎಲ್ಲಿ?
ಇಪ್ಪತ್ತು ಮುಗಿದ ಮ್ಯಾಲೆ.

ಅಂದ್ರ ನಲವತ್ತೊಂದು ದೇಶ ಎಬ್ಬಿಸಬೇಕು.
ನಾನು, ಹುಲಿಗೆಪ್ಪ, ಒಡಿಶಾದ ಹುಡುಗ ರಬಿ.
ಹಲಗಿ, ನೀರಿನ ಬಾಟ್ಲಿ, ಕಿವಿಗೆ ಹಚ್ಚೋ ವೈರು.
ಬಾಂಬ್ ಇದ್ದ ದೇಶ, ಬರೇ ಬಾಳೆಹಣ್ಣು ಇದ್ದ ದೇಶ,
ಮಾರಿಗೆ ಮಾರಿ ಕೊಡದ ಎರಡು ದೇಶ,
ಎಲ್ಲಾವೂ ಒಂದೊಂದು ಮೊಳ ಸರದವು.
ಒಂದರ ಬೆನ್ನಿಗೆ ಕೋಟು ಹಾಕಿತ್ತು,
ಕಿಸೆದಾಗ ಫೋನು ಗುಂಯ್ ಅಂತಿತ್ತು.
ಗುಂಯ್‌ಗುಡತಲೇ ಅದನ್ನೂ ಸರಿಸಿದೆ.

ಆಕಿ ಬಂದು ಕೂತ್ಲು. ಬೆನ್ನು ಆನಿಸಲಿಲ್ಲ.
ಚಪ್ಪಾಳಿ ನಿಲ್ಲೋದಕ್ಕ ಮುಂಚೆ
ಮುಂದ ಬಂದ ಮೊದಲ ಕಾಗದ
ಈ ವರ್ಷದ ವಂತಿಗಿ ಚೀಟಿ.

ಹೊರಗ ಜೂಜಿನ ಹಡಗಿನ ದೀಪ ಹತ್ತಿದ್ದವು.
ನಂದೂ ಒಂದು ಅರ್ಜಿ ಐತಿ, ಝುವಾರಿನಗರದ ಪಂಚಾಯತಿಯಾಗ,
ರಹವಾಸಿ ದಾಖಲೆಕ್ಕ.
ಇಬ್ಬರು ನೆರೆಯವರ ಸಹಿ ಬೇಕು.
ಒಬ್ಬರದು ಆಗೇತಿ.
ಇನ್ನೊಬ್ಬಾಕಿ ಫಿಲೊಮೆನಾ ಬಾಯಿ, ದಿನಾ ನಮ್ಮ ಮಗಳಿಗೆ ಪಾವು ಕೊಡ್ತಾಳ,
ಕಾಗದ ಕಂಡ್ರ ಕನ್ನಡಕ ಎಲ್ಲೈತೋ ಅಂತಾಳ.

ಗ್ವಾಡಿ ಕಡೆ ಆ ಹಳೇ ಕುರ್ಚಿ ಉಳೀತು,
ಸೀಟು ಇನ್ನೂ ಬೆಚ್ಚಗ.
ಮಡಿಚಿ ಎತ್ತಾಕ ಹೋದೆ.
ಇರ್ಲಿ ಬಿಡು ಅಂದ ಕಾಯೆತಾನ್,
ನಾಳೆ ಮತ್ತೊಬ್ಬ ಬರ್ತಾನಂತ.