ತಂತಿ ಹಿಡಿದ ಜಾಗ

ಡಿಪೋದಲ್ಲಿ ಲೆಕ್ಕ ಒಪ್ಪಿಸುವಾಗ
ಕ್ಯಾಷಿಯರ್ ತಿಪ್ಪೇರುದ್ರಯ್ಯ ಒಂದನ್ನು ಬೆರಳಲ್ಲಿ ಹಿಂದಕ್ಕೆ ತಳ್ಳಿದರು.
"ಇದು ನಡೆಯಲ್ಲ ಕಣಮ್ಮ, ಬೇರೆ ಹಾಕು."
ಒಂದು ರೂಪಾಯಿ.
ಅಳತೆ ಸರಿ, ಅಂಚು ಸರಿ, ಸಿಂಹಗಳೂ ಸರಿ,
ಬಣ್ಣ ಮಾತ್ರ ಕೆಂಡಸಂಪಿಗೆ,
ಕಿತ್ತ ಮಾರನೆಯ ದಿನದ್ದು.

ನನ್ನ ಜೇಬಿಂದ ಬೇರೆ ಹಾಕಿ ಅದನ್ನು ಇಟ್ಟುಕೊಂಡೆ.
ಕೊಟ್ಟವರು ಯಾರೋ. ಸುಂಕದಕಟ್ಟೆಯಿಂದ ಮಾರ್ಕೆಟ್ಟಿಗೆ
ದಿನಕ್ಕೆ ಎಂಟು ಸಲ, ಎಷ್ಟೊಂದು ಅಂಗೈ.
ಹೆಂಗಸರಿಗೆ ಸೊನ್ನೆ ಟಿಕೆಟ್ಟು,
ಹಾಗಾಗಿ ಗಂಡಸೇ ಇರಬೇಕು.
ನನ್ನ ಪತ್ತೇದಾರಿಕೆ ಅಲ್ಲಿಗೇ ನಿಂತಿತು.

ವಾರದ ರಜೆ. ಬಡ್ಡಿ ಕಟ್ಟಲು ನಗರ್ತಪೇಟೆಗೆ
ಹೇಗೂ ಹೋಗಬೇಕಿತ್ತು.
ಗಿರವಿ ಅಂಗಡಿಯ ಪಕ್ಕ, ಮೆಟ್ಟಿಲ ಕೆಳಗೆ,
ಮೊಳದಗಲದ ಜಾಗದಲ್ಲಿ ಮೌನೇಶಾಚಾರ್.
ಒರೆಗಲ್ಲಿಗೆ ಅಂಚು ತಾಗಿಸಿ ಎಳೆದರು: ಕೆಂಪು ಗೀಟು.
ಹನಿ ಬಿಟ್ಟರು. ಗೀಟು ಹಸಿರಾಗಿ, ನೊರೆಯಾಗಿ,
ಇಲ್ಲವಾಯಿತು.
"ಚಿನ್ನವಾಗಿದ್ದರೆ ನಿಲ್ಲುತ್ತಿತ್ತು. ತಾಮ್ರ."
ಅಯಸ್ಕಾಂತಕ್ಕೆ ಟಕ್ಕೆಂದು ಅಂಟಿತು. "ಒಳಗೆ ಸ್ಟೀಲು."
ಗಾಜಿನ ಪೆಟ್ಟಿಗೆಯ ತಕ್ಕಡಿ ತೂಗಾಡಿ ನಿಂತಿತು,
ನಾಲ್ಕು ಗ್ರಾಂ ಎಂಬತ್ತೇಳರಲ್ಲಿ.
"ಎಂಬತ್ತೈದು ಇರಬೇಕಿತ್ತು.
ಮಿಕ್ಕ ಎರಡು ಪಾಯಿಂಟೇ ನೀನು ನೋಡಿದ ಬಣ್ಣ."
ಯಾರು ಹಾಕಿದ್ದು, ಯಾಕೆ, ಅಂದೆ.
"ಅದು ಕಲ್ಲಿಗೆ ಗೊತ್ತಾಗಲ್ಲಮ್ಮ.
ಕಾಮಾಕ್ಷಿಪಾಳ್ಯಕ್ಕೆ ಹೋಗು."

ಓಣಿಗೆ ಓಣಿಯೇ ಹುಳಿ ವಾಸನೆ.
ಚರಂಡಿಯಲ್ಲಿ ನೀಲಿ ನೀರು, ನೀಲಿ ಅಂದರೆ
ಮದುವೆ ಪೆಂಡಾಲಿನ ಬಟ್ಟೆಯ ನೀಲಿ.
ಜಬೀನಾ ತೂಗಲಿಲ್ಲ, ಉಜ್ಜಲಿಲ್ಲ.
ಗ್ಲೌಸು ಕಳಚಿ, ಕಿಟಕಿಯ ಬೆಳಕಿಗೆ ಅಂಚನ್ನು
ಗಡಿಯಾರಕ್ಕೆ ಕೀ ಕೊಡುವಂತೆ ತಿರುಗಿಸಿದಳು.
"ಇಲ್ಲಿ ನೋಡಿ." ಸಾಸಿವೆಯಷ್ಟು ಬಿಳಿ ಚುಕ್ಕೆ.
ಅದರ ಎದುರಿಗೆ ಇನ್ನೊಂದು.
"ತಂತಿ ಹಿಡಿದಿದ್ದ ಜಾಗ. ಹಿಡಿದಲ್ಲಿ ಬಣ್ಣ ಹತ್ತಲ್ಲ.
ಬೆಳಿಗ್ಗೆ ತೊಟ್ಟಿ ಹದಕ್ಕೆ ಬಂತಾ ಅಂತ ನೋಡೋಕೆ
ಹುಡುಗರು ಜೇಬಿನ ರೂಪಾಯೀನೇ ಇಳಿಬಿಡ್ತಾರೆ.
ಸ್ಟೀಲಿನ ಮೇಲೆ ತಾಮ್ರ ನೇರವಾಗಿ ಕೂರಲ್ಲಕ್ಕ,
ನಡುವೆ ನಿಕಲ್ಲು ಬೇಕು.
ಸವೆದ ಕಡೆ ಹಾಲಿನ ಕೆನೆ ಥರ ಇದೆಯಲ್ಲ, ಅದು.
ಸಂಜೆ ಅದೇ ರೂಪಾಯಿ ಸೇರಿಸಿ ಟೀ ಕುಡೀತಾರೆ."
ನಿಮ್ಮ ಹುಡುಗರದ್ದಾ?
"ನಮ್ಮದಲ್ಲ. ನಾವು ಕ್ಲಿಪ್ಪು ಹಾಕೋದು, ಒಂದೇ ಕಡೆ.
ಇದೇ ರೋಡಲ್ಲಿ ನಲವತ್ತು ಶೆಡ್ಡಿವೆ."

ನಾಣ್ಯ ಕೊಡುವಾಗ ಅವಳ ಕಣ್ಣು
ನನ್ನ ಕತ್ತಿನ ಮೇಲೆ ಒಂದು ಗಳಿಗೆ ನಿಂತಿತು.
ಸೆರಗು ಎಳೆದುಕೊಂಡೆ. ತಡವಾಗಿತ್ತು.
ಒರೆಗಲ್ಲೂ ಇಲ್ಲ, ಹನಿಯೂ ಇಲ್ಲ.
"ಕೊಂಡಿ ಹತ್ತಿರ ಬಿಳುಚಿಕೊಂಡಿದೆ ಅಕ್ಕ," ಅಂದಳು,
ಹಲ್ಲಿಗೆ ಸೊಪ್ಪು ಅಂಟಿದೆ ಅನ್ನುವಷ್ಟೇ ಮೆಲ್ಲಗೆ.
"ಬಿಚ್ಚಿ ಕೊಡಿ, ತೊಟ್ಟಿ ಬಿಸಿಯಾಗೇ ಇದೆ."
ಅಸಲಿ ಎಲ್ಲಿ ಅಂತ ಕೇಳಲಿಲ್ಲ.
ನಾನೂ ನಗರ್ತಪೇಟೆಯ ಚೀಟಿ ಬ್ಯಾಗಿನಲ್ಲಿದೆ ಅನ್ನಲಿಲ್ಲ.

ಬರಿ ಕತ್ತಿನಲ್ಲಿ ಬಕೆಟ್ಟಿನ ಮೇಲೆ ಕೂತಿದ್ದೆ.
ಸರ ಹಳದಿ ನೀರಲ್ಲಿ ಇಳಿಯಿತು,
ಅವಳು ಬಾಯಲ್ಲೇ ಎಣಿಸಿದಳು, ಎತ್ತಿದಳು,
ಮೂರು ನೀರಲ್ಲಿ ಅದ್ದಿ ಒರೆಸಿದಳು.
"ಹೊಸದರ ಥರ. ಇಪ್ಪತ್ತು ಕೊಡಿ."
ಚೌಕಾಸಿ ಮಾಡದೆ ಕೊಟ್ಟೆ.
ಹಿಂದುಗಡೆ, ಜಡೆಯ ಕೆಳಗೆ,
ಒಂದು ಕೊಂಡಿ ಬಿಳಿಯಾಗಿ ಉಳಿದಿದೆ ಅಂತ
ಮನೆಗೆ ಬಂದಮೇಲೆ ಕನ್ನಡಿ ತೋರಿಸಿತು.

ಮರುದಿನ ಕೊನೆಯ ಟ್ರಿಪ್ಪು. ಮಾಗಡಿ ರೋಡ್ ಸ್ಟಾಪು.
ಚಿಲ್ಲರೆ ಬಾಕಿಯಿದ್ದವನಿಗೆ ಕೊಡಲು
ಬ್ಯಾಗಿನಲ್ಲಿ ಮತ್ತೊಂದು ರೂಪಾಯಿ ಇರಲಿಲ್ಲ.
ಲೈಟಿಗೆ ಹಿಡಿದು ನೋಡಿದ. "ಇದು ನಡೆಯುತ್ತಾ ಮೇಡಂ?"
"ಒಳಗೆ ಸ್ಟೀಲು," ಅಂದೆ.
ಎರಡು ಪಾಯಿಂಟು ಗೊತ್ತಾಗುತ್ತದೇನೋ ಎಂಬಂತೆ
ಅಂಗೈಯಲ್ಲಿ ಮೇಲೆ ಕೆಳಗೆ ಆಡಿಸಿ,
ಅಂಗಿಯ ಜೇಬಿಗೆ ಇಳಿಬಿಟ್ಟು ಇಳಿದುಹೋದ.
ನಾನು ಸೀಟಿ ಊದಿದೆ.