ಗಿರಣಿ

ಮೇಟಗಳ್ಳಿಯ ಶೆಡ್ಡಿನಲ್ಲಿ, ಮೂರನೇ ಮೆಷಿನ್ನಿನ ಮೇಲೆ
ನಾಲ್ಕು ರೆಕ್ಕೆ ಕೊರೆದೆ, ಸ್ಟೀಲಿನವು, ಅಂಗೈ ಅಗಲ.
ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಬೇಡ ಅಂದಿದ್ದರು
ಗಂಗೋತ್ರಿಯ ಪಂಕಜಾಕ್ಷಿ ಮೇಡಂ.

ಹೆಸರು ಕೇಳಿದರೆ ಗಿರಣಿ ಅಂದರು.
ಏನು ಬೀಸುತ್ತೆ?
ಏನೂ ಇಲ್ಲ. ಸುತ್ತುತ್ತೆ.
ಕೆಳಗಿನ ತಟ್ಟೆಗೆ ಆಕಾಶ ತೋರಿಸುತ್ತೆ, ಮರೆಮಾಡುತ್ತೆ,
ತೋರಿಸುತ್ತೆ, ಮರೆಮಾಡುತ್ತೆ,
ಸೆರಗು ಹಿಡಿದು ಕೂಸನ್ನು ಆಡಿಸುವ ಹಾಗೆ.

ಮೋಡವೇ ಇಲ್ಲದ ದಿನವೂ ಮೇಲೆ ಕರೆಂಟಿದೆಯಂತೆ,
ಮೀಟರಿಗೆ ನೂರಿಪ್ಪತ್ತು ವೋಲ್ಟು.
ನಿಂತ ಆಳಿನ ನೆತ್ತಿಯ ಎತ್ತರಕ್ಕೆ
ಹತ್ತಿರಹತ್ತಿರ ಮನೆಯ ಪ್ಲಗ್ಗಿನಷ್ಟು.
ಮತ್ಯಾಕೆ ಹೊಡೆಯಲ್ಲ?
ಗಾಳಿ ಜಿಪುಣ, ಬಿಡಿಗಾಸಲ್ಲಿ ಕೊಡುತ್ತೆ, ಅಂದು ನಕ್ಕರು.

ಗಿರಣಿ ಹಡಗು ಹತ್ತಿತು, ದಕ್ಷಿಣದ ಮಂಜಿಗೆ.
ಅಲ್ಲಿ ಗಾಳಿ ಎದ್ದರೆ ಹಿಮದ ಪುಡಿ ಒಂದಕ್ಕೊಂದು ತಿಕ್ಕಿ
ಮುಳ್ಳಿಗೆ ಹುಚ್ಚು ಹಿಡಿಯುತ್ತಂತೆ.
ಅಂಥ ದಿನಗಳ ಮೇಲೆಲ್ಲ ಕೆಂಪು ಗೀಟು.
ಏನೂ ನಡೆಯದ ದಿನ ಮಾತ್ರ ಲೆಕ್ಕಕ್ಕೆ.

ಏಪ್ರಿಲ್‌ನಲ್ಲಿ ಕೆರಗೋಡಿಗೆ ಹೋಗಿದ್ದೆ, ಭಾವನ ಮನೆಗೆ.
ಸಂಜೆ ನಾಲ್ಕಕ್ಕೆ ಸಿಡಿಲು.
ಹಿತ್ತಲ ತೆಂಗಿನ ಸುಳಿ ಪಂಜಿನ ಹಾಗೆ ಉರಿಯಿತು,
ಎಮ್ಮೆ ಹಗ್ಗ ಕಿತ್ತುಕೊಂಡು ನಾಲೆಗಿಳಿದು
ರಾತ್ರಿ ಎಂಟಾದರೂ ಮೇಲೆ ಬರಲಿಲ್ಲ.

ಜೂನಿನಲ್ಲಿ ಮೇಡಂ ಕಾಗದ ಹರಡಿದರು. ಒಂದೇ ಒಂದು ಗೆರೆ.
ತುದಿ ಇರೋದು ನಮ್ಮ ರಾತ್ರಿ ಹನ್ನೆರಡೂವರೆಗೆ,
ಅಮೆರಿಕದವರ ಮಧ್ಯಾಹ್ನದ ಗುಡುಗು ಅದು.
ಎಡಗಡೆ ಒಂದು ಸಣ್ಣ ಉಬ್ಬು:
ಇದು ನಮ್ಮ ಕಡೆಯದು.

ಇದರಲ್ಲಿ ಕೆರಗೋಡಿನ ಸಿಡಿಲು ಯಾವುದು ಮೇಡಂ?
ಕನ್ನಡಕ ತೆಗೆದು ಒರೆಸಿದರು.
ಇದೆ. ಬೇರೆ ಮಾಡಕ್ಕಾಗಲ್ಲ.

ಅದು ನನಗೆ ಅರ್ಥವಾಯಿತು.
ಅವ್ವ ಡೈರಿಗೆ ಹಾಲು ಹಾಕುತ್ತಿದ್ದಳು.
ಕೊಳವೆ ಮುಳುಗಿಸಿ, ಅಂಕಿ ನೋಡಿ, ಪುಸ್ತಕದಲ್ಲಿ ಬರೆದು
ಕ್ಯಾನಿಗೆ ಸುರಿಯುವ ತನಕ ಅದು ನಮ್ಮ ಗೌರಿಯ ಹಾಲು.
ಆಮೇಲೆ ಹಾಲು.

ರಾತ್ರಿ ಪಾಳಿಯಲ್ಲಿ ಹನ್ನೆರಡೂವರೆಗೆ ಟೀ.
ಲೋಟ ಹಿಡಿದು ಶೆಡ್ಡಿನಾಚೆ ನಿಲ್ಲುತ್ತೇನೆ.
ಬೀದಿದೀಪ, ನಾಯಿ, ರಿಂಗ್ ರೋಡಿನ ಲಾರಿ.
ಅಲ್ಲೀಗ ಸಂಜೆ ಏಳು. ಸುತ್ತುತ್ತಿರಬೇಕು.
ನಾಲ್ಕರಲ್ಲಿ ಒಂದು ರೆಕ್ಕೆಯ ಅಂಚನ್ನು
ಕೊನೆಗೆ ನಾನು ಕೈಯಲ್ಲೇ ಅರ ಹಾಕಿ ಉಜ್ಜಿದ್ದು,
ಮೇಡಂಗೆ ಹೇಳಿಲ್ಲ.