ಮೊಟ್ಟೆಗೆ ಹೊಗೆ ಆಗದು

ಇಲಾಖೆಯ ಜೀಪಿಗೆ ಡೀಸೆಲ್ ಇರುತ್ತಿರಲಿಲ್ಲ,
ಡೀಸೆಲ್ ಬಂದ ತಿಂಗಳು ಡ್ರೈವರ್ ಇರುತ್ತಿರಲಿಲ್ಲ.
ಹಾಗಾಗಿ ಚಿಂತಾಮಣಿಯ ಕಡಲೆಕಾಯಿ ಮಂಡಿಯವರ ಹತ್ತಿರ
ಹನ್ನೆರಡು ಸಾವಿರಕ್ಕೆ, ಮೂರು ಕಂತಿನಲ್ಲಿ,
ಕೊಂಡೆ ಆರ್‌ಎಕ್ಸ್ ಹಂಡ್ರೆಡ್.
ಕಪ್ಪು. ಟ್ಯಾಂಕಿನ ಎಡಕ್ಕೊಂದು ನೆಗ್ಗು,
ಹೆಬ್ಬೆರಳು ಸರಿಯಾಗಿ ಕೂರುವಷ್ಟು.

ರೇಷ್ಮೆಮೊಟ್ಟೆ ಸಾಗಿಸುವುದು ರಾತ್ರಿ ಕೆಲಸ.
ಬಿಸಿಲು ತಾಗಿದರೆ ಹುಳು ಒಳಗೇ ಸಾಯುತ್ತದೆ,
ಪೆಟ್ರೋಲು ಹೊಗೆ ತಾಗಿದರೂ ಅಷ್ಟೇ ಎಂದು
ತರಬೇತಿಯಲ್ಲಿ ಬರೆಸಿದ್ದರು
ಬಸ್ಸಿನಲ್ಲೇ ಓಡಾಡುವ ಮೇಷ್ಟರು.
ಅದಕ್ಕೇ ನನ್ನ ಹಿಂದೆ ಪಿಳ್ಳಪ್ಪ.
ಒದ್ದೆ ಬಟ್ಟೆ ಸುತ್ತಿದ ಚೀಲ ಎದೆಗವಚಿ,
ಸೈಲೆನ್ಸರ್ ಬಲಕ್ಕೆ, ಅವನ ಮುಖ ಎಡಕ್ಕೆ.
ಶಿಡ್ಲಘಟ್ಟದಿಂದ ದಿಬ್ಬೂರಹಳ್ಳಿ, ಆಮೇಲೆ ಸಾದಲಿ,
ರಸ್ತೆ ಅನ್ನುವುದು ಹೆಡ್‌ಲೈಟಿನಷ್ಟೇ ಉದ್ದ.
ಮೂರನೇ ಗೇರಿನಲ್ಲಿ ಕೈ ಸ್ವಲ್ಪ ತಿರುವಿದರೆ ಸಾಕು,
ಎಳೆಗರು ಹಗ್ಗ ಬಿಚ್ಚಿಸಿಕೊಂಡ ಹಾಗೆ ನೆಗೆಯುತ್ತಿತ್ತು.
ಕೂಡಲೇ ಬೆನ್ನ ಹಿಂದಿನಿಂದ:
‘ಮೆಲ್ಲಗಾ ಸಾರ್, ಪಿಲ್ಲಲುನ್ನಾರು!’
ನಿಜವೇ. ನೂರು ಮೊಟ್ಟೆಯೆಂದರೆ
ನಲವತ್ತು ಸಾವಿರ ಮಕ್ಕಳು.

ದಸ್ತಗೀರ್ ಸಾಬರ ಶೆಡ್ಡು ಬಿಚ್ಚಾಣಿಕೆ ಘಟಕದ ಪಕ್ಕ.
ಬೆಂದ ಹುಳುವಿನ ನಾತದ ನಡುವೆ
ಕಾರ್ಬೊರೇಟರ್ ಬಿಚ್ಚಿ, ಜೆಟ್ಟಿಗೆ ಬಾಯಿಟ್ಟು ಊದುತ್ತಿದ್ದರು
ಕೊಳಲು ಕಲಿಯಲು ಬಂದ ಹುಡುಗನ ಹಾಗೆ.
‘ಟೂಟೀ ಆಯಿಲ್ ಕಮ್ಮಿ ಹಾಕಬೇಡ್ರೀ,
ಇದರ ಹೊಟ್ಟೆಗೆ ಎಣ್ಣೆ ಬೇಕು, ಬಾಣಂತಿ ಇದು.’

ಒಂದು ವರ್ಷ ಜಪಾನಿನಿಂದ ತಜ್ಞರೊಬ್ಬರು ಬಂದರು,
ದ್ವಿತಳಿಯ ಬಿಳೀ ಗೂಡು ನೋಡಲು.
ಒಂದನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದರು,
ಗಿಲಕ್ ಅಂದಿತು. ತಲೆದೂಗಿದರು.
ಹೊರಗೆ ಬಂದವರು ನನ್ನ ಗಾಡಿ ನೋಡಿ ನಿಂತೇಬಿಟ್ಟರು.
ಸ್ಟಾರ್ಟ್ ಮಾಡು ಎಂದು ಕೈಸನ್ನೆ.
ಬಗ್ಗಿ, ಅದೇ ಕಿವಿ ಕೊಟ್ಟು, ಅಷ್ಟೇ ಹೊತ್ತು ಕೇಳಿ
ಏನೋ ಹೇಳಿದರು. ದುಭಾಷಿ ಕಾಫಿಗೆ ಹೋಗಿದ್ದ.
ಏನು ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಪಿಳ್ಳಪ್ಪನಿಗೆ ಓಡಿಸಲು ಕಲಿಸಿದ್ದು ಒಂದೇ ದಿನ,
ನೀರಿಲ್ಲದ ಕೆರೆಯಂಗಳದಲ್ಲಿ.
ಕ್ಲಚ್ಚು ಹೇಳಿದೆ, ಗೇರು ಹೇಳಿದೆ,
ನಿಲ್ಲಿಸುವುದು ಹೇಳುವುದರೊಳಗೆ ಹೊರಟುಹೋದ.
ಸುತ್ತು, ಮತ್ತೊಂದು ಸುತ್ತು, ಧೂಳು,
ಕುರಿ ಮೇಯಿಸುವವರು ಕೋಲೂರಿ ಎದ್ದು ನಿಂತರು.
ಪ್ರತಿ ಸಲ ನನ್ನ ದಾಟುವಾಗ ಒಂದೊಂದೇ ಮಾತು:
‘ಸಾರ್—’ ‘ಹೆಂಗೆ—’ ‘ನಿಲ್ಲಿಸದು—’
ನಾನು ನಗುತ್ತಾ ಕೂತುಬಿಟ್ಟೆ.
ಪೆಟ್ರೋಲು ಮುಗಿದು ಅದೇ ನಿಂತಿತು.
ಮುಖವೆಲ್ಲ ಕೆಮ್ಮಣ್ಣು, ಹಲ್ಲು ಮಾತ್ರ ಅವನದು.
‘ನನಗೆ ಹಿಂದಿನ ಸೀಟೇ ಸರಿ’ ಅಂದವನು
ಮತ್ತೆ ಯಾವತ್ತೂ ಕೇಳಲಿಲ್ಲ. ನಾನೂ ಕರೆಯಲಿಲ್ಲ.
ಕರೆಯಬಹುದಿತ್ತು.

ವರ್ಗವಾಯಿತು, ಗಾಡಿ ಮಾರಿದೆ.
ಯಾಕೆ ಮಾರಿದೆ ಅನ್ನುವುದಕ್ಕೆ ಈಗ ಕಾರಣ ಹುಡುಕಿದರೆ
ಸಿಗುವುದು ಅವತ್ತಿನ ರೇಟು ಮಾತ್ರ.

ಮೊನ್ನೆ ಗೂಡಿನ ಮಾರುಕಟ್ಟೆ ಮುಂದೆ ಸಿಕ್ಕ ಪಿಳ್ಳಪ್ಪ,
ತಲೆ ಪೂರ್ತಿ ದ್ವಿತಳಿ ಗೂಡಿನ ಬಣ್ಣ.
‘ಬನ್ನಿ ಸಾರ್’ ಎಂದು ಕೈಹಿಡಿದು ಕರೆದೊಯ್ದ.
ಅದೇ ಶೆಡ್ಡು. ಸಾಬರ ಮೊಮ್ಮಗ.
ಗೋಣಿ ಸರಿಸಿದ: ಹೊಸ ಕ್ರೋಮು, ಹೊಸ ಸೀಟು,
ಜಿಲ್ಲೆಯೇ ಬೇರೆಯಾದರೂ ನಂಬರಿನಲ್ಲಿ ಕೋಲಾರದ ಏಳು.
ಲಕ್ಷದ ಮೇಲೆ ಕೇಳ್ತಾರಂತೆ, ಕೊಡಲ್ಲವಂತೆ.
ಎಲ್ಲ ಹೊಸದು ಮಾಡಿದವನು
ನೆಗ್ಗು ಮಾತ್ರ ಎತ್ತಿಲ್ಲ. ‘ತಾತ ಬೇಡ ಅಂದಿದ್ರು.’
ಹೆಬ್ಬೆರಳಿಟ್ಟೆ. ಬೆರಳು ದಪ್ಪವಾಗಿದೆ.

ಕಿಕ್ಕರ್ ತುಳಿದೆ. ಮಂಡಿ ಒಪ್ಪಲಿಲ್ಲ.
ಇನ್ನೊಮ್ಮೆ. ಇಲ್ಲ.
‘ಚೋಕ್ ಎಳೀರಿ ಸಾರ್’ ಅಂದ ಪಿಳ್ಳಪ್ಪ,
ಜೀವನದಲ್ಲಿ ಒಂದೇ ದಿನ ಓಡಿಸಿದವನು.
ಎಳೆದೆ. ತುಳಿದೆ.
ಬಂತು ಆ ಸದ್ದು, ತಗಡು ಹರಿದ ಹಾಗೆ,
ಆಮೇಲೆ ಒಂದೇ ಸಮ,
ಹಿಂದಿನಿಂದ ನೀಲಿ ಹೊಗೆ.

ತಿರುಗಿ ನೋಡಿದರೆ,
ಕೈಯಲ್ಲಿದ್ದ ಚೀಲ ಎದೆಗವಚಿಕೊಂಡು
ಮುಖ ಎಡಕ್ಕೆ ತಿರುಗಿಸಿ ನಿಂತಿದ್ದಾನೆ ಪಿಳ್ಳಪ್ಪ.
ಚೀಲದಲ್ಲಿ ಬಿಪಿ ಮಾತ್ರೆ, ಅರ್ಧ ಕೆಜಿ ಹುರುಳಿಕಾಯಿ.